ಸೀಳಿದ ಪೀಪಿ

ತಿಪ್ಪಜ್ಜನ ಮುಖವೀಣೆ ಅವನ ಮನೆತನದ ಗಂಡಸರು ಊದಿದರೆ ಮಾತ್ರ ನುಡಿಯುತ್ತದೆ ಎಂದು ತಾಳ್ಯದ ಸುತ್ತ ಎಲ್ಲರೂ ನಂಬಿದ್ದರು. ಎಪ್ಪತ್ತರ ದಶಕದಲ್ಲಿ ಹಳೆಯ ವಾದ್ಯಗಳನ್ನು ಊದಿ ನೋಡಿ ಬರೆದಿಡುವುದು ನನ್ನ ಕೆಲಸವಾಗಿತ್ತು. ನಂಬುವುದು ಅದರಲ್ಲಿ ಸೇರಿರಲಿಲ್ಲ.

ತಿಪ್ಪಜ್ಜ ಕುರಿಹಟ್ಟಿಯ ನೆರಳಲ್ಲಿ ಕೂತು ಊದಿದ. ಮಧ್ಯಾಹ್ನದ ಬಿಸಿಲು, ಮಲಗಿದ್ದ ಕುರಿಗಳು, ಜಾಲಿಮುಳ್ಳಿಗೆ ಸಿಕ್ಕಿದ್ದ ಉಣ್ಣೆ, ಎಲ್ಲವೂ ನೀರಿನಡಿ ಕಂಡಂತೆ ಮೆಲ್ಲಗೆ ಅಲುಗಿದವು. ಆಮೇಲೆ ನಾನು ಇಸಿದುಕೊಂಡು ಊದಿದೆ. ಬರೀ ಗಾಳಿ ಬಂತು. ತುದಿಗೆ ಸಿಕ್ಕಿಸಿದ್ದ ಜೊಂಡಿನ ಪೀಪಿಯನ್ನು ಹಲ್ಲಲ್ಲಿ ಕಚ್ಚಿ ಮತ್ತೆ ಊದಿದೆ. ಅದು ಸೀಳಿಹೋಯಿತು.

"ಹೇಳ್ಲಿಲ್ವೇನಪ್ಪ, ನಮ್ಮ ವಂಶದೋರಿಗೇ ಒಲಿಯೋದು ಇದು," ಎಂದು ಅಜ್ಜ ಬೀಗಿದ. ಮರುಕ್ಷಣವೇ ಅವನ ಮುಖ ಬಾಡಿತು. "ಸಂಜಿಗೆ ಹೊಳಲ್ಕೆರ್‍ಯಾಗೆ ಮದ್ವೆ ಐತೆ. ಇದ್ದದ್ದು ಇದೊಂದೇ ಪೀಪಿ. ಅವರಿಗೆ ಏನು ಹೇಳ್ಲಿ?"

ಐಮಂಗಲದಿಂದ ಮದುವೆಯಾಗಿ ಬಂದಿದ್ದ ಅವನ ಸೊಸೆ ಒಳಗಿಂದ ಬಂದಳು. "ಕಚ್ಚಾಕೆ ಅದೇನು ಕಬ್ಬೇನ್ರಿ?" ಎಂದು ನನ್ನನ್ನು ಗದರಿಸಿ, ಒಣಗಿಸಿಟ್ಟಿದ್ದ ಜೊಂಡು ಕತ್ತರಿಸಿ, ದಾರ ಸುತ್ತಿ ಹೊಸ ಪೀಪಿ ಮಾಡಿ, ನೀರಲ್ಲಿ ಅದ್ದಿದಳು.

ಅಜ್ಜ ಅಭ್ಯಾಸದಂತೆ ಕುರಿಗಳ ಕಡೆ ತಿರುಗಿ ಕುಳಿತ. "ನೀವೂ ಅತ್ಲಾಗೆ ನೋಡ್ರಿ," ಎಂದ.

ನಾನು ಅವಳ ಕಡೆಯೇ ನೋಡಿದೆ. ಪೀಪಿಯನ್ನು ವಾದ್ಯದ ತುದಿಗೆ ಸಿಕ್ಕಿಸಿ, ಹದ ನೋಡಲು ಮೊದಲು ಅವಳೇ ಊದಿದಳು. ಮುಖವೀಣೆ ನುಡಿಯಿತು.