ಗೋಡೆಯಿಲ್ಲದ ಹಿತ್ತಿಲು

ಕತ್ತರಿಸಿದ ಬೇಲಿಗಿಡದ ಹಸಿ ವಾಸನೆ ಮೂಗಿಗೆ ಬಡಿದದ್ದು ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ಮಗಳ ಮನೆಯಲ್ಲಿ. ಅಲ್ಲಿನ ಹಳೆಯ ಸಾಲುಮನೆಗಳು ರಸ್ತೆಗೆ ಬೆನ್ನು ಮಾಡಿ ಹುಲ್ಲುಹಾಸಿನ ಕಡೆ ಮುಖ ಮಾಡಿವೆ. ಮನೆಗೂ ಮನೆಗೂ ನಡುವೆ ಮೊಣಕಾಲೆತ್ತರದ ಗಿಡ, ಅಷ್ಟೆ. “ಇಲ್ಲಿ ಫೆನ್ಸ್ ಹಾಕೋಕೆ ಅಲೋ ಮಾಡಲ್ಲ ಅಪ್ಪಾ. ಪ್ರೈವೆಸಿ ಬೇಕಂದ್ರೆ ಬ್ಲೈಂಡ್ಸ್ ಇಳಿಸ್ಕೊಳ್ಳಿ,” ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ನಾನು ಬೆಳೆದದ್ದೂ ಅಂಥದೇ ಸಾಲಿನಲ್ಲಿ. ಇದನ್ನು ಓದುತ್ತಿರುವ ನೀವೂ ಅಂಥ ಗೋಡೆಯಿಲ್ಲದ ಹಿತ್ತಿಲೊಂದನ್ನು ಕಳೆದುಕೊಂಡವರೇ ಇರಬೇಕು. ಮೈಸೂರು ಸೀಮೆಯ ಕಾರ್ಖಾನೆಯೊಂದರ ಕೆಲಸಗಾರರಿಗೆಂದು ಜರ್ಮನಿಯಿಂದ ಬಂದ ಸಾಹೇಬರೊಬ್ಬರು ಆ ಮನೆಗಳ ನಕ್ಷೆ ಬರೆದಿದ್ದರು. ಅಪ್ಪ ಅವರ ಕೈಕೆಳಗೆ ಓವರ್‌ಸಿಯರ್. ಕಮಾನಿಲ್ಲ, ಗಾರೆಯ ಹೂಬಳ್ಳಿಯಿಲ್ಲ. ಬಿಳಿ ಸುಣ್ಣದ ಗೋಡೆ, ಅಗಲವಾದ ಕಿಟಕಿ, ಪ್ರತಿ ಅಡುಗೆಮನೆಯಿಂದಲೂ ಹಿತ್ತಿಲಿಗೊಂದು ಬಾಗಿಲು. ಹಿತ್ತಿಲು ಮಾತ್ರ ಸಾಲಿಗೆಲ್ಲ ಒಂದೇ. “ಬಡವನ ಮನೆಗೆ ಗಾಳಿ ಬೆಳಕೇ ಒಡವೆ ಅಂತಾರೆ ಸಾಹೇಬ್ರು,” ಎಂದು ಅಪ್ಪ ಹೆಮ್ಮೆಪಡುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಆ ಹಿತ್ತಿಲು ದಾಟಿ ಬಂದು ನನ್ನ ತಲೆ ಬಾಚಿದವರು, ಜ್ವರದಲ್ಲಿ ಗಂಜಿ ಕುಡಿಸಿದವರು ಪಕ್ಕದ ಮನೆಯ ಸಿಸಿಲಿಬಾಯಿ, ಮಂಗಳೂರು ಕಡೆಯ ಕ್ರೈಸ್ತರು. ಅವರು ಬಾಗಿಲು ತಟ್ಟಿದ್ದನ್ನು ನಾನು ಕಾಣೆ. ಊರಿಂದ ಬಂದ ಒಣಮೀನನ್ನು ಸೌತೆಬಳ್ಳಿಯ ಪಕ್ಕ ಚಾಪೆಯ ಮೇಲೆ ಬಿಸಿಲಿಗೆ ಹರವಿದರೆ, ಕಾಗೆ ಓಡಿಸುವ ಕೆಲಸ ನನ್ನದು. “ನಿನ್ನ ದೇವರಿಗೆ ಹೇಳ್ಬೇಡ ಮಾರಾಯ, ಮೀನು ಕಾಯ್ತಿದ್ದೇನೆ ಅಂತ,” ಎಂದು ನಗುತ್ತಿದ್ದರು.

ಹೈಸ್ಕೂಲು ಮುಗಿಸಿ ಅದೇ ಕಾರ್ಖಾನೆಯಲ್ಲಿ ಗುಮಾಸ್ತನಾದೆ. ಮದುವೆ ಗೊತ್ತಾಯಿತು. ಮನೆ ನೋಡಲು ಬರಲಿದ್ದ ಬೀಗರು ಮಡಿವಂತರು. ಆ ಮೀನಿನ ಚಾಪೆ ಅವರ ಕಣ್ಣಿಗೆ ಬಿದ್ದರೆ ಎಂದು ನಾಚಿ, ಹಿತ್ತಿಲಿಗೆ ಅಡ್ಡವಾಗಿ ಆಳೆತ್ತರದ ಗೋಡೆ ಹಾಕಿಸಿದೆ. ಸಾಹೇಬರು ಆಗಲೇ ತಮ್ಮ ದೇಶಕ್ಕೆ ಮರಳಿದ್ದರು, ಕೇಳುವವರಿರಲಿಲ್ಲ. ಅಪ್ಪ ಸಂಜೆ ಹಿತ್ತಿಲಲ್ಲಿ ಕೂರುವುದನ್ನು ಬಿಟ್ಟರು. ಗೋಡೆಯಾಚೆಯಿಂದ ಸಿಸಿಲಿಬಾಯಿಯ ದನಿ ಬಂತು: “ಗೋಡೆ ಲಾಯ್ಕಾಗಿದೆ ಮಗಾ. ಸುಣ್ಣ ಹೊಡೆಸು, ಇಲ್ಲದಿದ್ರೆ ಪಾಚಿ ಹಿಡೀತದೆ.” ಮದುವೆಯ ಮರುದಿನ ಅವರು ರಸ್ತೆ ಸುತ್ತಿಕೊಂಡು, ತಟ್ಟೆಯಲ್ಲಿ ಬಾಳೆಹಣ್ಣು ಹಿಡಿದು ನಮ್ಮ ಮುಂಬಾಗಿಲಿಗೆ ಬಂದರು. ಕರೆಯುವವರೆಗೂ ಹೊಸ್ತಿಲಾಚೆಯೇ ನಿಂತರು. ಕುರ್ಚಿ ತೋರಿಸಿದೆ. ನಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದವರು ಕುರ್ಚಿಯ ತುದಿಯಲ್ಲಿ ಕೂತು, ನನ್ನ ಹೆಂಡತಿಯನ್ನು ಹರಸಿ, ಬೇಗನೆ ಎದ್ದರು. ಗೋಡೆ ಕೆಡವಿಸುತ್ತೇನೆ ಎಂಬ ಒಂದು ಮಾತು ಸಾಕಿತ್ತು. ಅದನ್ನಾಡದೆ ಬೀದಿಬಾಗಿಲವರೆಗೂ ಹೋಗಿ, ದೂರದ ನೆಂಟರನ್ನು ಕಳಿಸುವ ಹಾಗೆ ಅವರನ್ನು ಕಳಿಸಿಕೊಟ್ಟೆ.