ಊರೆಲ್ಲ ಬೀಜಕ್ಕೆ ಬಿಟ್ಟ ವರ್ಷ

ಬೆಳವಣಕಿಯ ಶಿವಬಸವ್ವ ಊರು ನಡೆದ ದಾರಿಯಲ್ಲಿ ನಡೆದವಳೇ ಅಲ್ಲ. ಉಳ್ಳಾಗಡ್ಡಿಯ, ಎಂದರೆ ಈರುಳ್ಳಿಯ, ಧಾರಣೆ ಬಿದ್ದು ಜನ ನಿಂತ ಬೆಳೆಯ ಮೇಲೆಯೇ ಟ್ರ್ಯಾಕ್ಟರ್ ಹೊಡೆಸಿದ ವರ್ಷ, ಅವಳು ಗಟ್ಟಿ ಗಡ್ಡೆ ಆರಿಸಿ, ಬೀಜಕ್ಕೆಂದು ಮತ್ತೆ ನೆಟ್ಟಳು.

"ಗಡ್ಡೀನ ಕೇಳವರಿಲ್ಲ, ಅದರ ಬೀಜಾ ಯಾರಿಗೆ ಬೇಕಬೇ?" ಎಂದು ಕಟ್ಟೆಯ ಮೇಲಿನವರು ನಕ್ಕರು.

ಮರುವರ್ಷ ಧಾರಣೆ ಏರಿತು. ಎಲ್ಲರಿಗೂ ಉಳ್ಳಾಗಡ್ಡಿ ಬಿತ್ತುವ ಆಸೆ. ಬೀಜ ಮಾತ್ರ ಅವಳೊಬ್ಬಳ ಮನೆಯಲ್ಲಿ. ನಕ್ಕವರೇ ಚೀಲ ಹಿಡಿದು ಬಾಗಿಲಿಗೆ ಬಂದರು.

ಮುಂದೆ ಧಾರಣೆ ಮತ್ತೆ ಬಿತ್ತು. ಶಿವಬಸವ್ವ ಮತ್ತೆ ಗಡ್ಡೆ ನೆಟ್ಟಳು. ಗಂಡ ತೀರಿದ ಮೇಲೆ ಹೊಲ ಅವಳ ಕೈಯಲ್ಲಿತ್ತು. ಮೈದುನ ಶರಣುವಿಗೆ ಅದರ ಮೇಲೆ ಕಣ್ಣು. "ಒಂದ್ ಸಲಾ ಲುಕ್ಸಾನ ಆತಂದ್ರ ಹೊಲಾ ನಾ ಮಾಡ್ತೀನ್ರಿ ವೈನಿ" ಎಂದು ಹಿರಿಯರೆದುರು ಅವಳನ್ನು ಒಪ್ಪಿಸಿದ್ದ.

ಸಂಕ್ರಾಂತಿಯ ಹೊತ್ತಿಗೆ ಹೂದಂಟು ಎದ್ದವು. ಸೊಸೆ ಅನ್ನಪೂರ್ಣಳೊಂದಿಗೆ ಒಡ್ಡಿನ ಮೇಲೆ ಹತ್ತಿ ನಿಂತ ಶಿವಬಸವ್ವ ಸುತ್ತ ಕಣ್ಣಾಡಿಸಿದಳು. ಪಕ್ಕದ ಹೊಲದಲ್ಲಿ ದಂಟು. ಹಳ್ಳದಾಚೆಗೂ ದಂಟು. ಶರಣುವಿನ ಹೊಲದಲ್ಲೂ ಅದೇ. ಅವಳನ್ನು ನೋಡಿ ಊರಿಗೆ ಊರೇ ಬೀಜಕ್ಕೆ ಬಿಟ್ಟಿತ್ತು! ಅವಳು ಅಲ್ಲೇ ಕುಳಿತುಬಿಟ್ಟಳು.

"ಅತ್ತೀ, ಏನಾತ್ರಿ?"

"ಎಲ್ಲಾರ ಮನ್ಯಾಗೂ ಬೀಜಾ ಆದ್ರ ನಮ್ಮ ಹಂತೇಕ ಯಾರ ಬರ್ತಾರ? ಇಟಗೊಂಡ ಕುಂದ್ರೂಣಂದ್ರ ಹಳೇ ಬೀಜಾ ಹುಟ್ಟಂಗಿಲ್ಲ. ಕುಡಗೋಲ ತಾ."

ಹೂ ಬಿರಿಯದ ಎಳೆ ದಂಟನ್ನು ಕೊಯ್ದು ಇಬ್ಬರೂ ಸೂಡು ಕಟ್ಟತೊಡಗಿದರು. ಶರಣು ಓಡಿಬಂದ.

"ತಲಿ ಕೆಟ್ಟೈತೇನ್ರಿ ವೈನಿ? ಬಂಗಾರದಂಥಾ ಬೀಜಾ ಕೊಯ್ದ ಒಗ್ಯಾಕತ್ತೀರಿ!"

"ಒಗ್ಯಾಕಲ್ಲೋ, ಪಲ್ಯಾಕ್ಕ."

ಶಿವಬಸವ್ವ ಮುಂದಿನ ದಂಟಿಗೆ ಕುಡುಗೋಲು ಹಾಕಿದಳು. ಲೆಕ್ಕ ತಪ್ಪಿದರೆ ಹೊಲ ಹೋಯಿತು. ಆದರೆ ರೋಣ, ನರಗುಂದದ ಸಂತೆಗಳಲ್ಲಿ ಎಳೆ ದಂಟು ತಂದವರು ಬೇರೆ ಯಾರೂ ಇರಲಿಲ್ಲ. ಹೆಂಗಸರು ಮುಗಿಬಿದ್ದು ಒಯ್ದರು. ಬರಿದಾದ ಪುಟ್ಟಿ ನೋಡಿ ಅವಳಿಗೇ ನಂಬಿಕೆ ಬರಲಿಲ್ಲ.

ಬೇಸಿಗೆಗೆ ಊರ ತುಂಬ ಬೀಜದ ಚೀಲ, ಕೇಳುವವರಿಲ್ಲ. ಒಂದು ಮುಂಜಾನೆ ಶರಣು ಬಂದು ಅವಳ ಮನೆಯ ಕಟ್ಟೆಯ ಮೇಲೆ ಕುಳಿತ. ಹೊಲದ ಮಾತೆತ್ತಲಿಲ್ಲ. ಅವಳು ಕೊಟ್ಟ ಚಾ ಹಿಡಿದು ಕೇಳಿದ:

"ಈ ಸಲಾ ಏನ ಬಿತ್ತೂದ್ರಿ ವೈನಿ?"

ಶಿವಬಸವ್ವ ಬೆಚ್ಚಿಬಿದ್ದಳು.

"ಅಯ್ಯ, ನಿನಗ ಹೇಳಿದ್ರ ಊರಿಗೆಲ್ಲಾ ಹೇಳಿದಂಗ. ಎಲ್ಲಾರೂ ಅದನ್ನ ಬಿತ್ತಿದ್ರ ನಾ ಏನ ಬಿತ್ತಲಿ? ಚಾ ಕುಡದ ಸುಮ್ಮನ ಎದ್ದ ಹೋಗಪಾ."