ಮರಳುಗಾಡಿಗೆ ಒಯ್ದ ಹಾಲು

ಆಗ ಟ್ರುಗನಿನಾದಲ್ಲಿ ಮನೆಗಳಿಗಿಂತ ಹುಲ್ಲೇ ಹೆಚ್ಚಿತ್ತು. ನಮ್ಮ ಬೀದಿ ಮುಗಿದಲ್ಲಿ ಮೆಲ್ಬರ್ನೂ ಮುಗಿದಂತೆ ಕಾಣುತ್ತಿತ್ತು. ಬೇಲಿಯಾಚೆ ಮೊಣಕಾಲೆತ್ತರದ ಒಣಹುಲ್ಲು, ಅದರ ಮೇಲೆ ದಿನವಿಡೀ ಗಾಳಿ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಸ್ವೀಟ್ ಅಂಗಡಿಯ ಮಹಡಿಯ ಮೇಲೆ, ಜಿಲೇಬಿ ಪಾಕದ ವಾಸನೆಯಲ್ಲಿ ಮೂರು ವರ್ಷ ಕಳೆದು ಬಂದಿದ್ದ ನನಗೆ ಅಷ್ಟೊಂದು ಖಾಲಿ ಜಾಗ ಕಂಡು ಖುಷಿಗೆ ಹುಚ್ಚೇ ಹಿಡಿದಿತ್ತು. ನನಗಾಗ ಒಂಬತ್ತು ವರ್ಷ.

ಅಮ್ಮ-ಅಪ್ಪನಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲವಂತೆ. ಊರಿನ ಅರಳಿಕಟ್ಟೆಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ ಮೇಲೆ ನಾನು ಹುಟ್ಟಿದ್ದು, ಅದಕ್ಕೇ ನಾಗಶ್ರೀ ಎಂಬ ಹೆಸರು. ಹಾವಿನ ಮೇಲೆ ನಮ್ಮ ಮನೆಯವರು ಕೈ ಎತ್ತಬಾರದು ಎಂಬುದು ಅಮ್ಮನ ಹರಕೆ. ತಲೆ ಬಾಚುವಾಗಲೆಲ್ಲ ಹೇಳುತ್ತಿದ್ದಳು, "ನೀನು ಅವನು ಕೊಟ್ಟ ಮಗು. ನಾಗಪ್ಪ ನಿನಗೇನೂ ಮಾಡಲ್ಲ." ಎರಡರ ಮಗ್ಗಿಯಷ್ಟೇ ಗಟ್ಟಿಯಾಗಿ ನಾನದನ್ನು ನಂಬಿದ್ದೆ.

ಅಪ್ಪ ಕಲಿಸಿದ್ದು ಬೇರೆ. ಹ್ಯಾರಿಸ್ ಪಾರ್ಕಿನಲ್ಲಿ ಸ್ಟೇಷನ್ನಿಗೆ ನಡೆಯುವಾಗ ನಾನು ರಸ್ತೆಗೆ ಓಡದಿರಲಿ ಎಂದು ಅವನು ಶುರು ಮಾಡಿದ ಆಟ ಅದು. ಒಬ್ಬರು "ಸ್ಟ್ಯಾಚ್ಯೂ!" ಅಂದರೆ ಇನ್ನೊಬ್ಬರು ಹೇಗಿದ್ದಾರೋ ಹಾಗೇ ಕಲ್ಲಾಗಬೇಕು. "ಓವರ್" ಅನ್ನುವ ತನಕ ಅಲುಗುವಂತಿಲ್ಲ. ವೇರ್‌ಹೌಸಿನಲ್ಲಿ ಹತ್ತು ತಾಸು ನಿಂತು ಬಂದ ಅಪ್ಪ ಮುದ್ದೆಯ ತುತ್ತನ್ನು ಬಾಯಿಯ ಹತ್ತಿರ ಒಯ್ದಾಗಲೇ ನಾನು ಕೂಗುತ್ತಿದ್ದೆ. ಸಾರು ಮೊಣಕೈಗೆ ಇಳಿದರೂ ಅವನು ಅಲುಗುತ್ತಿರಲಿಲ್ಲ. "ಇಬ್ಬರಿಗೂ ಬುದ್ಧಿ ಇಲ್ಲ!" ಎಂದು ಅಮ್ಮ ಬೈಯುತ್ತಿದ್ದಳು. ಒಂದು ದಿನವೂ ನಾವಿಬ್ಬರೂ ಆ ಆಟದಲ್ಲಿ ಮೋಸ ಮಾಡಲಿಲ್ಲ.

ಆ ವರ್ಷ ಸೆಪ್ಟೆಂಬರ್ ರಜೆಯಲ್ಲಿ, ವೇರ್‌ಹೌಸಿನಲ್ಲಿ ಅಪ್ಪನ ಜೊತೆ ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ರಾನ್ ನಮ್ಮನ್ನು ಮೊಲದ ಬೇಟೆಗೆ ಕರೆದ. ವಿಕ್ಟೋರಿಯಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಮರಳುಗಾಡಿನ ಅಂಚಿನಲ್ಲಿ ಅವನದೊಂದು ತಗಡಿನ ಗುಡಿಸಲಿತ್ತು. ಅಪ್ಪನ ಮುಖ ಅರಳಿತು. ಮೊಳಕಾಲ್ಮೂರಿನ ಕಡೆಯ ಕುರುಚಲು ಕಾಡಿನಲ್ಲಿ ಬಲೆ ಹಾಕಿ ಮೊಲ ಹಿಡಿದು ಬೆಳೆದವನು ಅವನು. ಅಮ್ಮ ಶೇಂಗಾ ಚಟ್ನಿ, ಚಪಾತಿ ಕಟ್ಟಿದಳು. ಕೊನೆಗೆ ಒಂದು ಪುಟ್ಟ ಬಾಟಲಿ ಹಾಲನ್ನು ನನ್ನ ಕೈಗಿಟ್ಟು, "ನಾಗಪ್ಪ ಕಂಡ್ರೆ ಎರೆದು ಕೈ ಮುಗಿ" ಅಂದಳು. ಆ ಬಾಟಲಿ ರಾನ್‌ನ ಐಸ್ ಪೆಟ್ಟಿಗೆಯಲ್ಲಿ, ಬಿಯರ್ ಕ್ಯಾನುಗಳ ನಡುವೆ ಕೂತು ಪ್ರಯಾಣ ಮಾಡಿತು.

ಅಲ್ಲಿ ಮಣ್ಣು ಕೆಂಪಗಿತ್ತು. ಕುಳ್ಳ ಯೂಕಲಿಪ್ಟಸ್ ಮರಗಳು, ಮುಟ್ಟಿದರೆ ಚುಚ್ಚುವ ಹುಲ್ಲಿನ ಗುಡ್ಡೆಗಳು. ಮೊದಲ ಸಂಜೆ ಎರಡು ಮೊಲ ಸಿಕ್ಕವು. ಅಪ್ಪ ಅಮ್ಮನ ಸಾರಿನಪುಡಿ ಹಾಕಿ ಬೇಯಿಸಿದ. ರಾನ್ ಕಣ್ಣು, ಮೂಗು ಒರೆಸಿಕೊಳ್ಳುತ್ತಲೇ ಮೂರು ಸಲ ಹಾಕಿಸಿಕೊಂಡ. ಆ ಹೊಗೆ, ಆ ಸಾರಿನ ಘಮ ಈಗಲೂ ನನ್ನ ಮೂಗಿನಲ್ಲಿದೆ.

ಮಾರನೇ ಬೆಳಗ್ಗೆ ಹಾಲಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ, ಮತ್ತೆ ಹೊರಟೆವು. ಬಂದೂಕು ಹೊತ್ತ ರಾನ್ ಮುಂದೆ, ನಡುವೆ ನಾನು, ಹಿಂದೆ ಅಪ್ಪ. ಮೊಲದ ಹೆಜ್ಜೆ ನೋಡುತ್ತ ನಾನು ದಾರಿ ಬಿಟ್ಟು ಒಂದು ಬಿಲದ ಹತ್ತಿರ ಹೋದೆ. ಬಿಲದ ಬಾಯಲ್ಲೇ ಹಾವೊಂದು ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿತ್ತು. ಹಾಲು ಕಮ್ಮಿ ಹಾಕಿದ ಚಹದ ಬಣ್ಣ. ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಚೀಲದಿಂದ ಬಾಟಲಿ ತೆಗೆದೆ, ಮುಚ್ಚಳ ತಿರುಗಿಸಿದೆ, ಬಾಗಿದೆ.

ಅದು ಕತ್ತೆತ್ತಿತು. ಬಾಯಿ ತೆರೆದಿತ್ತು. ನನ್ನ ಕೈಗೂ ಅದಕ್ಕೂ ಒಂದು ಮೊಳ ಅಂತರ. ಅದಕ್ಕೆ ಹೆಡೆ ಇರಲಿಲ್ಲ. ದೇವರ ಮನೆಯ ಪಟದಲ್ಲಿ ನಾಗಪ್ಪನಿಗೆ ಅಷ್ಟಗಲದ ಹೆಡೆ. ಇವನಿಗೆ ನಾನು ಯಾರೆಂದು ಗೊತ್ತಿಲ್ಲವೇನೋ ಎಂದು ಆಗ ಮೊದಲ ಸಲ ಅನ್ನಿಸಿತು. ತಿರುಗಿ ಓಡಬೇಕು ಎಂದುಕೊಂಡೆ.

"ಸ್ಟ್ಯಾಚ್ಯೂ!"

ಅಪ್ಪನ ದನಿ. ಬಾಗಿದವಳು ಬಾಗಿದಂತೆಯೇ ನಿಂತುಬಿಟ್ಟೆ. ರಾನ್ ತಿರುಗಿ ಬಂದೂಕೆತ್ತಿದ್ದು ಕಣ್ಣಂಚಿನಲ್ಲಿ ಕಂಡಿತು. "ನೋ ರಾನ್, ನೋ, ಪ್ಲೀಸ್!" ಎಂದು ಅಪ್ಪ ಎರಡೂ ಕೈ ಎತ್ತಿದ. ಯಾರಿಗೂ ಎದುರು ಮಾತಾಡದ ಮನುಷ್ಯ ಅವನು. ಬಾಟಲಿಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಬೆನ್ನು ನೋಯುತ್ತಿತ್ತು, ಮೂಗು ತುರಿಸುತ್ತಿತ್ತು. ಎಷ್ಟು ಹೊತ್ತಾಯಿತೋ, ಅದು ಕತ್ತು ಇಳಿಸಿ ನನ್ನ ಶೂ ತುದಿಯನ್ನು ಸವರಿಕೊಂಡೇ ಹುಲ್ಲಿನೊಳಗೆ ಹೋಯಿತು. ಆಮೇಲೂ ನಾನು ಅಲುಗಲಿಲ್ಲ. ಅಪ್ಪ ಓವರ್ ಹೇಳಿರಲಿಲ್ಲ.

ಅವನು ಹೇಳಲೇ ಇಲ್ಲ. ಓಡಿ ಬಂದು ಎತ್ತಿಕೊಂಡ. ಅವನ ಅಂಗಿಯಲ್ಲಿ ಹಿಂದಿನ ಸಂಜೆಯ ಹೊಗೆಯ ವಾಸನೆ ಇತ್ತು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರಾನ್ ಟೋಪಿ ತೆಗೆದು ಮರಳಿನ ಮೇಲೆ ಕುಸಿದು ಕೂತ. ಅದು ಬ್ರೌನ್ ಸ್ನೇಕ್, ಭಾರಿ ವಿಷದ ಹಾವು, ಆಸ್ಪತ್ರೆ ಇಲ್ಲಿಂದ ಎರಡು ತಾಸು ದೂರ ಎಂದಷ್ಟೇ ಹೇಳಿದ.

ಅಲ್ಲಿಗೆ ಬೇಟೆ ಮುಗಿಯಿತು. ಹೊರಡುವಾಗ ಅಪ್ಪ ಉಳಿದ ಹಾಲನ್ನು ಒಂದು ಮರದ ಬುಡಕ್ಕೆ ಸುರಿದ.

"ಹಾಲು ಹಾಕಿ ಬಂದ್ವಿ ಅಂತ ಅಮ್ಮಂಗೆ ಹೇಳವ್ವ. ಸುಳ್ಳೇನಲ್ಲ."

"ಹರಕೆ ಇದೆ ಅಂತ ಶೂಟ್ ಮಾಡ್ಬೇಡ ಅಂದ್ಯಾ ಅಪ್ಪ?"

"ಹರಕೆ ಎಲ್ಲಿ ನೆನಪಿಗ್ ಬಂತು? ಗುಂಡು ಹೋಗೋ ದಾರೀಲಿ ನೀನಿದ್ದಿ."

"ಮತ್ತೆ ನಾಗಪ್ಪ ನಂಗೇನೂ ಮಾಡಲ್ಲ ಅಂತಾಳಲ್ಲ ಅಮ್ಮ?"

ಅಪ್ಪ ಖಾಲಿ ಬಾಟಲಿಗೆ ಮುಚ್ಚಳ ತಿರುಗಿಸಿದ. "ಆ ನಾಗಪ್ಪ ಬೇರೆ, ಇದು ಬೇರೆ ಕಣವ್ವ. ಇದಕ್ಕೆ ನಮ್ಮ ಪರಿಚಯ ಇಲ್ಲ."

ಹಾಲೆರೆದ ಸುದ್ದಿ ಕೇಳಿ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಉಳಿದ ಕತೆ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಟ್ರುಗನಿನಾದ ಆ ಹುಲ್ಲಿನ ಮೇಲೆ ಈಗ ಸಾಲು ಸಾಲು ಮನೆ, ಆಚೆ ವೇರ್‌ಹೌಸುಗಳು. ರಾನ್ ತೀರಿಕೊಂಡು ಬಹಳ ವರ್ಷವಾಯಿತು. ನಾನಿರುವುದು ಮೆಲ್ಬರ್ನಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ನಲ್ಲಿ, ಮನೆಸಾಲದ ಮಾರ್ಟ್‌ಗೇಜ್ ಕಟ್ಟುತ್ತ, ಊಟದ ಟೇಬಲ್ಲಿನಲ್ಲೂ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು. ಹೋದ ಬೇಸಿಗೆಯಲ್ಲಿ ಆರು ವರ್ಷದ ಮಗ ಇಶಾನ್‌ನನ್ನು ಕೆರೆಯಂಚಿನ ಕಾಲುದಾರಿಗೆ ಕರೆದೊಯ್ದಿದ್ದೆ. ಅವನು ಹತ್ತು ಹೆಜ್ಜೆ ಮುಂದಿದ್ದ. ಅವನ ಮುಂದೆ ದಾರಿಗಡ್ಡ ಅದೇ ಚಹದ ಬಣ್ಣದ ಹಾವು.

"ಸ್ಟ್ಯಾಚ್ಯೂ!" ಎಂದು ಕಿರುಚಿದೆ.

"ವಾಟ್, ಅಮ್ಮಾ?" ಎಂದು ನನ್ನತ್ತ ತಿರುಗಿ ನೋಡುತ್ತಲೇ ಅವನು ಇನ್ನೊಂದು ಹೆಜ್ಜೆ ಇಟ್ಟ.

ಹಾವು ತಾನಾಗಿಯೇ ಹುಲ್ಲಿಗೆ ಸರಿದುಹೋಯಿತು. ನಮ್ಮ ಅದೃಷ್ಟ, ಅಷ್ಟೇ. ಅವನದೇನೂ ತಪ್ಪಿರಲಿಲ್ಲ. ಈಜು, ಕೋಡಿಂಗ್, ಕರಾಟೆ ಎಲ್ಲ ಕ್ಲಾಸಿಗೂ ಸೇರಿಸಿದ್ದೆ. ಅವನ ಜೊತೆ ನಿಂತು ಆ ಆಟ ಒಂದು ಸಂಜೆಯೂ ಆಡಿರಲಿಲ್ಲ. ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಈಗ ಭಾನುವಾರಗಳಲ್ಲಿ ಅಮ್ಮನನ್ನು ಕರೆದುಕೊಂಡು ಅಪ್ಪ ಬರುತ್ತಾನೆ. ಮಂಡಿ ಆಪರೇಷನ್ ಆಗಿದೆ, ಆದರೂ ಮೊಮ್ಮಗ ಕೂಗಿದರೆ ಕಾಫಿ ಲೋಟ ಹಿಡಿದು ಅರ್ಧ ಎದ್ದ ಭಂಗಿಯಲ್ಲೇ ನಿಲ್ಲುತ್ತಾನೆ. ಅಮ್ಮ ಈಗ ಮೂವರಿಗೂ ಸೇರಿಸಿ ಬೈಯುತ್ತಾಳೆ. ಅಜ್ಜ "ಸ್ಟ್ಯಾಚ್ಯೂ" ಅಂದರೆ ಇಶಾನ್ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ನಾನು ಅಂದರೆ ಇನ್ನೂ "ವೈ, ಅಮ್ಮಾ?" ಎಂದು ಕೇಳುತ್ತಾನೆ.